ಒಂದನೇ ಟ್ಯೂಬಿನ ಮುಚ್ಚಳ

ಕಳೆದ ತಿಂಗಳು ಕ್ಯುಪರ್ಟಿನೋದಲ್ಲಿ ಒಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು, ಅಪ್ಪ, ಅಮ್ಮ, ನಾನು. ಮಂಡ್ಯ ಕಡೆಯವರು, ಬೇಡ ಅಂದರೂ ಬಡಿಸುವ ಜನ. ಮುದ್ದೆಯ ಮೇಲೆ ಸೊಪ್ಪಿನ ಸಾರು ಬೀಳುವ ಹೊತ್ತಿಗೆ ಸರಿಯಾಗಿ ಅಪ್ಪ ಗಂಟಲು ಸರಿಮಾಡಿಕೊಂಡ. ನನಗೆ ಗೊತ್ತಾಯಿತು. ಎಂಬತ್ತು ದಾಟಿದ ಅಪ್ಪನ ಹತ್ತಿರ ಈಗ ಉಳಿದಿರುವುದು ಐದಾರು ಕತೆ, ಅದರಲ್ಲಿ ಹೆಚ್ಚು ನಗು ಬರುವುದು ಇದೊಂದಕ್ಕೇ.

"ನನ್ನ ಅಮ್ಮನ ಕತೆ ಕೇಳಿ. ಊರಿನಿಂದ ನೇರ ಬರ್ಕ್ಲಿಗೆ ಬಂದವಳು, ಪಾಪ. ನನ್ನ ಹೆಂಡತಿ, ಇವಳ ಹತ್ತಿರ ಒಂದು ಹಳೆ ಗಿಟಾರ್ ಆಂಪ್ಲಿಫೈಯರು ಇತ್ತು. ಒಂದು ದಿನ ಇದ್ದಕ್ಕಿದ್ದ ಹಾಗೆ ಗುಂಯ್ ಅಂತ ಶುರು ಮಾಡಿತು. ನಾನು ಹುಡುಕಿದ್ದೇ ಹುಡುಕಿದ್ದು. ಕೊನೆಗೆ ನೋಡಿದರೆ ಎಂತ! ನನ್ನ ಅಮ್ಮ ಅದರೊಳಗಿನ ಟ್ಯೂಬಿನ ಮುಚ್ಚಳ ಕಿತ್ತು ದೇವರೆದುರು ಊದುಬತ್ತಿ ಸ್ಟ್ಯಾಂಡು ಮಾಡಿಕೊಂಡಿದ್ದಾಳೆ!"

ಎಲ್ಲ ನಕ್ಕರು. "ಅಯ್ಯೋ, ಹಳೇ ಕಾಲದವ್ರು ಹಂಗೇ ಅಲ್ವಾ ಅಂಕಲ್," ಅಂದರು ಮನೆಯಾಕೆ. ಅವರ ಮಗ ಫೋನಿನಿಂದ ತಲೆ ಎತ್ತಿ "ದಟ್ಸ್ ಹಿಲೇರಿಯಸ್" ಅಂದ. ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದೆ.

ಆ ಮುಚ್ಚಳ ಕಿತ್ತದ್ದು ನನ್ನ ಅಜ್ಜಿ ಅಲ್ಲ. ಇಷ್ಟನ್ನು ಹೇಳಲಿಕ್ಕೆ ಒಂದು ಸಾಲು ಸಾಕು, ಆದರೆ ಒಂದು ಸಾಲಿನಲ್ಲಿ ಹೇಳಿದರೆ ಅದೂ ಜೋಕಾಗುತ್ತದೆ. ಅದಕ್ಕೇ ಆ ಮನೆಯ ಒಳಗೆ ಇನ್ನೊಮ್ಮೆ ಹೋಗಿ ಬರುತ್ತೇನೆ. ಸಿಟ್ಟು ಇಳಿದ ಮೇಲೆ ಬರೆ ಅನ್ನುವವರಿಗೆ ಒಂದು ಮಾತು: ಇಳಿಯಲಿ ಅಂತ ಮೂವತ್ತೈದು ವರ್ಷ ಕಾದು ನೋಡಿದ್ದೇನೆ.

ಬರ್ಕ್ಲಿ ಅಂದರೆ ಬೆಟ್ಟದ ಮೇಲಿನ, ಕಿಟಕಿಯಿಂದ ಕೊಲ್ಲಿ ಕಾಣುವ ಬರ್ಕ್ಲಿ ಅಲ್ಲ. ನಮ್ಮದು ಕೆಳಗೆ, ರೈಲಿನ ಕೂಗು ಹತ್ತಿರವಾಗುವ ಕಡೆ, ಮರದ ಹಲಗೆಯ ಹಳೆ ಬಾಡಿಗೆ ಮನೆ. ಅಪ್ಪ ಯೂನಿವರ್ಸಿಟಿಯ ಲ್ಯಾಬಿನಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಇಂಜಿನಿಯರು. ಅಮ್ಮ ವಾಲ್ನಟ್ ಕ್ರೀಕಿನ ಒಂದು ಆಫೀಸಿಗೆ ದಿನಾ ಟ್ರೇನಿನಲ್ಲಿ ಹೋಗಿ ಬರುತ್ತಿದ್ದಳು. ಮನೆಯಲ್ಲಿ ಅಪ್ಪನ ಅಮ್ಮ, ನನ್ನ ಅಜ್ಜಿ. ಬಾಗಿಲು ತೆಗೆದ ಕೂಡಲೇ ಎಡಗಡೆ ಕೋಟು ನೇತುಹಾಕುವ ಒಂದು ಕಪಾಟು ಇತ್ತು. ಅದೇ ನಮ್ಮ ದೇವರ ಕೋಣೆ. ಕೆಳಗಿನ ಹಲಗೆಯಲ್ಲಿ ಉಡುಪಿಯಿಂದ ಬಂದ ಕೃಷ್ಣ, ಮೇಲಿನ ಕೋಲಿನಲ್ಲಿ ನಮ್ಮ ನಾಲ್ಕು ಜನರ ಚಳಿಕೋಟು. ದೇವರಿಗೆ ಕೈಮುಗಿಯಬೇಕಾದರೆ ಅಪ್ಪನ ಕೋಟಿನ ತೋಳನ್ನು ಪರದೆಯ ಹಾಗೆ ಸರಿಸಬೇಕಿತ್ತು. ನಾನು ಶಾಲೆಗೆ ಊದುಬತ್ತಿಯ ವಾಸನೆಯಲ್ಲೇ ಹೋಗುತ್ತಿದ್ದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ನಮ್ಮ ಮನೆಯಲ್ಲಿ ಯಾವಾಗಲೂ ಯಾರದ್ದಾದರೂ ಬರ್ತ್‌ಡೇ ಇರುತ್ತದೆ, ಅದಕ್ಕೆ ಕ್ಯಾಂಡಲಿನ ವಾಸನೆ ಅಂತ ತಿಳಿದಿದ್ದಳು. ನಾನೂ ಹೌದು ಅಂತಲೇ ಹೇಳಿಕೊಂಡಿದ್ದೆ.

ನನ್ನ ಕನ್ನಡ ಪೂರ್ತಿ ಅಜ್ಜಿಯದ್ದು. ಅಪ್ಪ ಮತ್ತು ಅಜ್ಜಿ ಜಗಳಕ್ಕೆ ತುಳು ಬಳಸುತ್ತಿದ್ದರು, ಅಪ್ಪ ಅಮ್ಮ ಜಗಳಕ್ಕೆ ಇಂಗ್ಲಿಷು. ಜಗಳವಿಲ್ಲದ ಭಾಷೆ ಅಂತ ಮನೆಯಲ್ಲಿ ಉಳಿದದ್ದು ಕನ್ನಡ ಒಂದೇ, ಅದು ನನಗೆ ಬಂತು. ಅಜ್ಜಿಗೆ ಅಂಗಡಿಯಲ್ಲಿ ಮಾತಾಡಲಿಕ್ಕೆ ನಾನು ಬೇಕು, ನನಗೆ ಅವಳು ಕರಿಯುವ ಹಪ್ಪಳ ಬೇಕು. ಪಾಠ ಅಂದರೆ ಅಷ್ಟೇ. ಅವಳ ಕಿವಿಯ ಬಗ್ಗೆ ಇಲ್ಲೇ ಹೇಳಬೇಕು. ಊರಿನ ಭಜನೆಯಲ್ಲಿ ನಲವತ್ತು ವರ್ಷ ಶ್ರುತಿಪೆಟ್ಟಿಗೆ ಒತ್ತಿದವಳು ಅವಳು. ಅಮೆರಿಕಾಕ್ಕೆ ಬಂದ ಎರಡನೇ ದಿನ ಅಡಿಗೆಮನೆಯಲ್ಲಿ ನಿಂತು, ಫ್ರಿಜ್ಜಿನ ಮೇಲೆ ಕೈಯಿಟ್ಟು, ತಲೆ ವಾರೆ ಮಾಡಿ ಹೇಳಿದಳಂತೆ:

"ಇಲ್ಲಿನ ಕರೆಂಟಿನ ಶ್ರುತಿ ಊರಿನದ್ದಕ್ಕಿಂತ ಸ್ವಲ್ಪ ಏರು ಉಂಟಲ್ಲ ಮಾರಾಯ."

ಅಪ್ಪ ಇದನ್ನೂ ಜೋಕು ಮಾಡಿ ಲ್ಯಾಬಿನಲ್ಲಿ ಹಂಚಿದ. ಈಗ ನಾನು ಮನೆಯ ಗ್ಯಾರೇಜಿನಲ್ಲಿ ಹಳೆ ಆಂಪ್ಲಿಫೈಯರುಗಳ ರಿಪೇರಿ ಮಾಡುವವಳು. ನನಗೆ ಗೊತ್ತು, ಊರಿನ ಕರೆಂಟು ಸೆಕೆಂಡಿಗೆ ಐವತ್ತು ಸಲ ಅಲುಗುತ್ತದೆ, ಇಲ್ಲಿಯದು ಅರವತ್ತು ಸಲ. ಅಜ್ಜಿ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ. ಇಂಜಿನಿಯರಾದ ಅಪ್ಪನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವನ ಅಮ್ಮನ ಕಿವಿಗೆ ಅದು ಗೊತ್ತಾಗಬಹುದು ಅಂತ ಮಾತ್ರ ಅವನಿಗೆ ಹೊಳೆಯಲಿಲ್ಲ.

ಅಮ್ಮ ಬಾರಿಸುತ್ತಿದ್ದದ್ದು ಮಡಿಲ ಗಿಟಾರು. ಗಿಟಾರನ್ನು ಮಡಿಲಿನಲ್ಲಿ ಅಡ್ಡ ಮಲಗಿಸಿ, ಎಡಗೈಯಲ್ಲಿ ಒಂದು ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸುವುದು. ಅವಳು ಹುಡುಗಿಯಾಗಿದ್ದಾಗ ಮಂಗಳೂರಿನಲ್ಲಿ ಅದೊಂದು ಶೋಕಿ, ಟೈಪಿಂಗು ಕಲಿತ ಹಾಗೆ ಹುಡುಗಿಯರು ಅದನ್ನೂ ಕಲಿಯುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಬಿಟ್ಟೇಬಿಟ್ಟಿದ್ದಳು. ನಮ್ಮ ಮನೆಯ ಯಜಮಾನಿ, ಒಬ್ಬ ಒಂಟಿ ಮುದುಕಿ, ನೆಲಮಾಳಿಗೆ ಖಾಲಿ ಮಾಡುವಾಗ ತನ್ನ ಗಂಡನದ್ದಾಗಿದ್ದ ಗಿಟಾರು ಮತ್ತು ಕಂದು ಬಟ್ಟೆ ಸುತ್ತಿದ ಒಂದು ಮರದ ಪೆಟ್ಟಿಗೆಯನ್ನು ಅಮ್ಮನಿಗೆ ಕೊಟ್ಟಳು. ಪೆಟ್ಟಿಗೆಯೇ ಆಂಪ್ಲಿಫೈಯರು. ಹಿಂದುಗಡೆ ಬಗ್ಗಿ ನೋಡಿದರೆ ಒಳಗೆ ಗಾಜಿನ ಟ್ಯೂಬುಗಳು ಕಿತ್ತಳೆ ಬಣ್ಣದಲ್ಲಿ ಮೆಲ್ಲಗೆ ಹೊತ್ತಿಕೊಳ್ಳುತ್ತಿದ್ದವು. ಅಜ್ಜಿ ನೋಡಿ, "ನಮ್ಮ ಮನೆಯ ವಾಲ್ವ್ ರೇಡಿಯೋದ ತಮ್ಮ ಇದು," ಅಂದಳು. ಎರಡು ಸಣ್ಣ ಟ್ಯೂಬುಗಳಿಗೆ ಮಾತ್ರ ಹೆಬ್ಬೆರಳಿನಷ್ಟು ದೊಡ್ಡ ಲೋಹದ ಮುಚ್ಚಳ, ಟೊಪ್ಪಿ ಹಾಕಿದ ಹಾಗೆ. ಹಳೆ ಮನೆಯಲ್ಲವೇ, ಗೋಡೆಯ ಪ್ಲಗ್ಗಿಗೆ ಎರಡೇ ತೂತು. ಒಂದು ಕಡೆಯಿಂದ ಚುಚ್ಚಿದರೆ ಉಕ್ಕಿನ ತುಂಡು ಹಿಡಿದ ಕೈ ಜುಮ್ ಅನ್ನುತ್ತಿತ್ತು, ತಿರುಗಿಸಿ ಚುಚ್ಚಿದರೆ ಇಲ್ಲ. ಅಮ್ಮ ವೈರಿನ ತುದಿಯ ಪ್ಲಗ್ಗಿನ ಮೇಲೆ, ಸರಿಯಾದ ಕಡೆಗೆ, ಉಗುರುಬಣ್ಣದ ಒಂದು ಕೆಂಪು ಬೊಟ್ಟು ಇಟ್ಟಿದ್ದಳು. ಆ ಬೊಟ್ಟು ಮೇಲೆ ಬಂದರೆ ಸಂಜೆ ಆಯಿತು ಅಂತ ಲೆಕ್ಕ. ಆಫೀಸಿನಿಂದ ಬಂದು, ಬೂಟು ಬಿಚ್ಚಿ, ಚಾ ಕುಡಿದು, ಊಟದ ಮೇಜಿನ ಪಕ್ಕ ಸ್ಟೂಲಿನ ಮೇಲೆ ಕೂತು ಒಂದು ದೇವರನಾಮ, ಒಂದು ಹಳೆ ಸಿನಿಮಾ ಹಾಡು. ಅಜ್ಜಿ ಹುರುಳಿಕಾಯಿ ಮುರಿಯುತ್ತಾ ಕೇಳುವಳು. ಅಪ್ಪ ಆ ಹೊತ್ತಿಗೆ ಪೇಪರು ಹಿಡಿದು ಮಲಗುವ ಕೋಣೆಗೆ ಹೋಗುವನು. ಬಾಗಿಲು ಮುಚ್ಚುತ್ತಿದ್ದ. ಜೋರಾಗಿ ಅಲ್ಲ. ಮುಚ್ಚಿದ್ದು ಕೇಳಿಸುವಷ್ಟು.

ಆ ವರ್ಷ ಕನ್ನಡ ಬಳಗದವರು ರಾಜ್ಯೋತ್ಸವಕ್ಕೆ ಅಮ್ಮನನ್ನು ಬಾರಿಸಲಿಕ್ಕೆ ಕರೆದರು. ಹತ್ತು ನಿಮಿಷ. ಕ್ಯುಪರ್ಟಿನೋದ ಒಂದು ಶಾಲೆಯ ಸಭಾಂಗಣ. ಅಪ್ಪ ಕಮಿಟಿಯಲ್ಲಿದ್ದ, ಕಾರ್ಯಕ್ರಮ ನಿರೂಪಣೆಯೂ ಅವನದ್ದೇ. ಅಮ್ಮ ಹೂಂ ಅಂದ ದಿನ ಹಸಿರು ರೇಷ್ಮೆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಬಾಗಿಲಿಗೆ ನೇತುಹಾಕಿದಳು, ಮಡಿಕೆ ಬಿಡಲಿ ಅಂತ. ಆರು ವಾರ ಆ ಸೀರೆ ಅಲ್ಲೇ ನೇತಾಡಿತು. ಹೋಗುತ್ತಾ ಬರುತ್ತಾ ಅದರ ಸೆರಗನ್ನು ಮುಟ್ಟುತ್ತಿದ್ದಳು.

ನಡುವೆ ಆಯುಧಪೂಜೆ ಬಂತು. ನಮ್ಮ ಮನೆಯ ಆಯುಧಗಳು: ಕಾರು, ಅಪ್ಪನ ಸೋಲ್ಡರಿಂಗ್ ಕಡ್ಡಿ, ಸ್ಕ್ರೂಡ್ರೈವರಿನ ಡಬ್ಬಿ, ಹೊಲಿಗೆ ಯಂತ್ರ, ಅಜ್ಜಿ ಊರಿನಿಂದ ತಂದ ಗ್ರೈಂಡರು ಮತ್ತು ಅದನ್ನು ಇಲ್ಲಿ ಓಡಿಸಲಿಕ್ಕೆ ಬೇಕಾದ ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರು. ಹಿತ್ತಲಿನ ಗಿಡದ ನಿಂಬೆಹಣ್ಣು ಕಾರಿನ ಚಕ್ರಕ್ಕೆ. ಅಪ್ಪ ಪಂಚೆಯ ಮೇಲೆ ಸ್ವೆಟರು ಹಾಕಿ ಗಂಧ ಕುಂಕುಮ ಹಚ್ಚುತ್ತಾ ಬಂದ. ಗಂಧ, ಕುಂಕುಮ, ಹೂವಿನ ತಟ್ಟೆ ಹಿಡಿದು ಹಿಂದೆ ಹಿಂದೆ ನಾನು. ಆಂಪ್ಲಿಫೈಯರಿನ ಹತ್ತಿರ ಬಂದಾಗ ಅವನು ಅದರ ವೈರು ಕಿತ್ತು, ಹಿಂದಿನ ಹಲಗೆಯ ಸ್ಕ್ರೂ ಬಿಚ್ಚಲಿಕ್ಕೆ ಕೂತ. ಅಡಿಗೆಮನೆಯಿಂದ ಅಮ್ಮ ಕೂಗಿದಳು:

"ಪೆಟ್ಟಿಗೆಯ ಹೊರಗೆ ಹಚ್ಚಿದರೆ ಸಾಕಲ್ಲ. ಒಳಗೆ ಯಾಕೆ ಕೈ ಹಾಕ್ತೀರಿ?"

"ಪೆಟ್ಟಿಗೆ ಆಯುಧ ಅಲ್ಲ ಮಾರಾಯ್ತಿ, ಒಳಗಿರೂದು ಆಯುಧ. ನನಗೆ ಕಲಿಸ್ತೀಯಾ?"

ಮೊದಲನೇ ಸಣ್ಣ ಟ್ಯೂಬಿನ ಮುಚ್ಚಳವನ್ನು ಒತ್ತಿ, ತಿರುಗಿಸಿ, ತೆಗೆದ. ಬರಿ ಗಾಜಿಗೆ ಉಂಗುರಬೆರಳಿನಿಂದ ಗಂಧ ಹಚ್ಚಿದ. ನೀರು ಜಾಸ್ತಿಯಾಗಿತ್ತು, ಗಂಧ ಇಳಿದು ಟ್ಯೂಬಿನ ಬುಡಕ್ಕೆ ಹೋಯಿತು. ಮೇಲೆ ಕುಂಕುಮ. ನಾನು ಕೇಳಿದೆ:

"ಅಪ್ಪ, ಮುಚ್ಚಳ?"

"ಅದು ಸಾಗಿಸುವಾಗ ಗಾಜು ಒಡೀಬಾರದು ಅಂತ ಹಾಕಿದ್ದು ಪುಟ್ಟಿ. ಇನ್ನು ಬೇಡ."

ಹೀಗಂದು ಅದನ್ನು ನನ್ನ ತಟ್ಟೆಗೆ ಹಾಕಿದ. ಟಣ್ ಅಂತ ಸದ್ದಾಯಿತು. ನಾನು ತಟ್ಟೆಯನ್ನು ಹಾಗೇ ಕೊಂಡುಹೋಗಿ ದೇವರ ಕಪಾಟಿನಲ್ಲಿಟ್ಟೆ. ಹೂವು ತೆಗೆಯುವಾಗ ಅಜ್ಜಿಗೆ ಅದು ಸಿಕ್ಕಿತು. ಮೇಲೆ ತೂತು, ಒಳಗೆ ಸ್ಪ್ರಿಂಗು. ಊದುಬತ್ತಿ ಸಿಕ್ಕಿಸಿದರೆ ನೆಟ್ಟಗೆ ನಿಲ್ಲುತ್ತದೆ. ಬೇಡ ಅಂತ ಎಸೆದ ಸಾಮಾನಿಗೆ ಅವಳು ಕೆಲಸ ಕೊಟ್ಟಳು, ಅಷ್ಟೇ ಅವಳು ಮಾಡಿದ್ದು. ಮರುದಿನದಿಂದ ನಾವೆಲ್ಲರೂ, ಅಪ್ಪನೂ, ಆ ಮುಚ್ಚಳದ ಎದುರು ಕೈಮುಗಿದೆವು.

ಆಯುಧಪೂಜೆಯ ಸಂಜೆಯೇ ಶುರುವಾಯಿತು. ಅಮ್ಮ ಬೊಟ್ಟು ಮೇಲೆ ಮಾಡಿ ಪ್ಲಗ್ಗು ಚುಚ್ಚಿದಳು, ಟ್ಯೂಬು ಕಾಯಿತು, ಗುಂಯ್ ಅನ್ನುವ ಒಂದು ದಪ್ಪ ಸದ್ದು ನೆಲದಿಂದ ಎದ್ದು ಬಂತು. ನಡುವೆ ಚಟಪಟ, ಎಣ್ಣೆಗೆ ನೀರು ಬಿದ್ದ ಹಾಗೆ. ಅಪ್ಪ ತನಿಖಾಧಿಕಾರಿಯಾದ. ಮೊದಲ ಆರೋಪಿ ಫ್ರಿಜ್ಜು. ಅದರ ವೈರು ಕಿತ್ತ. ಗುಂಯ್ ನಿಲ್ಲಲಿಲ್ಲ, ಅವನು ಮತ್ತೆ ಹಾಕಲಿಕ್ಕೆ ಮರೆತ, ಬೆಳಿಗ್ಗೆ ಹಾಲು ಮೊಸರಾಗಿ ಮೊಸರು ಇನ್ನೇನೋ ಆಗಿತ್ತು. ಎರಡನೇ ಆರೋಪಿ ಅಜ್ಜಿಯ ಟ್ರಾನ್ಸ್‌ಫಾರ್ಮರು. ಅದನ್ನೂ ಗ್ರೈಂಡರನ್ನೂ ಗ್ಯಾರೇಜಿಗೆ ಗಡಿಪಾರು ಮಾಡಿದ. ಅಜ್ಜಿ ಎರಡು ವಾರ ಮಿಕ್ಸಿಯಲ್ಲಿ ದೋಸೆಹಿಟ್ಟು ರುಬ್ಬಿ, ಪ್ರತಿ ದೋಸೆಯ ಮೇಲೂ ಅವನಿಗೆ ಕೇಳುವ ಹಾಗೆ "ರಬ್ಬರು, ರಬ್ಬರು" ಅಂದಳು. ಮೂರನೇ ಆರೋಪಿ ಅಮ್ಮ.

"ನಿನ್ನ ಗಿಟಾರಿನದ್ದೇ ತೊಂದರೆ. ನಿನಗೆ ವೈರು ಸರಿಯಾಗಿ ಸಿಕ್ಕಿಸಲಿಕ್ಕೆ ಬರೂದಿಲ್ಲ."

ಅಮ್ಮ ಗಿಟಾರಿನ ವೈರು ಕಿತ್ತು ಕೈಯಲ್ಲಿ ಹಿಡಿದು ನಿಂತಳು. ಗುಂಯ್ ಹಾಗೇ ಇತ್ತು.

"ನೋಡಿ. ಗಿಟಾರು ಇಲ್ಲ. ನಾನೂ ಇಲ್ಲ."

"ಹಾಗಾದರೆ ಒಳಗಿನ ಕೆಪಾಸಿಟರು ಒಣಗಿದೆ. ಮುದಿ ಸಾಮಾನು. ಗುಜರಿಗೆ ಹಾಕು, ಮುಗೀತು."

ಹಿಂದಿನ ಹಲಗೆ ಬಿಚ್ಚಿದ್ದು ಯಾರು, ಯಾವ ದಿನ, ಅದರ ಮರುಗಳಿಗೆ ಏನಾಯಿತು, ಇದು ಒಮ್ಮೆಯೂ ಅವನ ತನಿಖೆಯೊಳಗೆ ಬರಲಿಲ್ಲ. ನನ್ನ ಹತ್ತಿರ ಈಗ ಯಾರಾದರೂ ಗುಂಯ್ ಅನ್ನುವ ಆಂಪ್ಲಿಫೈಯರು ತಂದರೆ ನಾನು ಕೇಳುವ ಮೊದಲ ಪ್ರಶ್ನೆ: ಇದು ಶುರುವಾಗುವ ಮೊದಲು ಇದನ್ನು ಕೊನೆಗೆ ಮುಟ್ಟಿದ್ದು ಯಾರು? ಹತ್ತರಲ್ಲಿ ಎಂಟು ಸಲ ಎದುರು ನಿಂತವರು ಕಣ್ಣು ತಪ್ಪಿಸುತ್ತಾರೆ. ಆಗ ನನಗೆ ಹತ್ತು ವರ್ಷ, ಕೇಳಲಿಕ್ಕೆ ಗೊತ್ತಿರಲಿಲ್ಲ.

ಆದರೂ ಅಮ್ಮ ಸಭಾಂಗಣಕ್ಕೆ ಅದನ್ನೇ ಕೊಂಡುಹೋದಳು, ಬೇರೆ ಇರಲಿಲ್ಲ. ಮನೆಯಲ್ಲಿ ಬಾರಿಸುವಾಗ ಹಾಡಿನ ಕೆಳಗೆ ಗುಂಯ್ ಅಡಗುತ್ತಿತ್ತು, ಅಲ್ಲೂ ಅಡಗೀತು ಅಂದುಕೊಂಡಳು. ಅಡಗಲಿಲ್ಲ. ವೇದಿಕೆಯ ದೀಪಗಳ ಅಡಿಯಲ್ಲಿ ಅದು ಇಮ್ಮಡಿಯಾಗಿ ಎದ್ದಿತು. ಅಮ್ಮ ಹಸಿರು ಸೀರೆಯಲ್ಲಿ ಕೂತು, ಉಕ್ಕಿನ ತುಂಡನ್ನು ತಂತಿಯ ಮೇಲಿಟ್ಟು, ಮೊದಲ ಸ್ವರ ಎಳೆದಳು. ಎರಡನೇ ಸಾಲಿನಲ್ಲಿ ಅಜ್ಜಿಯ ಪಕ್ಕ ಕೂತಿದ್ದ ನನಗೆ ಆ ಸ್ವರ ಕೇಳಿತು, ಆಣೆ. ಗುಂಯ್ ಒಳಗೂ ಕೇಳಿತು. ಇನ್ನೊಂದು ಸಾಲು ಬಾರಿಸಿದ್ದರೆ ಜನ ಅದಕ್ಕೆ ಕಿವಿ ಹೊಂದಿಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಅಪ್ಪ ಮೈಕು ಹಿಡಿದು ಬಂದ.

"ಕ್ಷಮಿಸಬೇಕು, ಇದು ಗಿಟಾರಲ್ಲ, ನಮ್ಮ ಮನೆಯ ಗ್ರೈಂಡರು. ದೋಸೆ ಬೇಕಾದವರು ಕೈ ಎತ್ತಿ!"

ಇಡೀ ಸಭಾಂಗಣ ನಕ್ಕಿತು. ಯಾರೋ ನಿಜವಾಗಿಯೂ ಕೈ ಎತ್ತಿದರು. ಅಪ್ಪ ಬಗ್ಗಿ ಪ್ಲಗ್ಗು ಎಳೆದ. ಟ್ಯೂಬು ಆರುತ್ತಾ ಆ ಸದ್ದು ಇಳಿದು ಇಳಿದು ನಿಂತಿತು, ಅಪ್ಪ ಮಕ್ಕಳ ಕೋಲಾಟವನ್ನು ಕರೆದ. ಹುಡುಗಿಯರು ಕೋಲು ಹಿಡಿದು ಓಡಿ ಬಂದರು. ಅಮ್ಮ ಮಡಿಲಿನಲ್ಲಿ ಗಿಟಾರು ಇಟ್ಟುಕೊಂಡು ಇನ್ನೂ ನಡುವೆ ಕೂತಿದ್ದಳು. ಅವರು ಅವಳ ಸುತ್ತ ಸುತ್ತಿ ಹೋಗಬೇಕಾಯಿತು.

ಮನೆಗೆ ಬರುವ ದಾರಿಯಲ್ಲಿ ಫ್ರೀವೇ ಪೂರ್ತಿ ಅಪ್ಪನೇ ಮಾತಾಡಿದ. "ನಾನು ಮರ್ಯಾದೆ ಉಳಿಸಿದೆ, ಗೊತ್ತುಂಟಾ? ಇಲ್ಲದಿದ್ದರೆ ಜನ ಎದ್ದು ಹೋಗ್ತಿದ್ರು." ಅಮ್ಮ ಗಿಟಾರನ್ನು ಮಂಚದ ಕೆಳಗೆ ತಳ್ಳಿದಳು. ಆಂಪ್ಲಿಫೈಯರಿನ ಮೇಲೆ ಇಸ್ತ್ರಿ ಬಟ್ಟೆ ಕೂತಿತು. ಸಂಜೆ ಬಂದು, ಬೂಟು ಬಿಚ್ಚಿ, ಚಾ ಕುಡಿದು, ಹಾಗೇ ಕೂತಿರುವಳು. ಮನೆಯಲ್ಲಿ ಸದ್ದಿರಲಿಲ್ಲ. ಅಪ್ಪ ಈಗ ಮಲಗುವ ಕೋಣೆಯ ಬಾಗಿಲು ಮುಚ್ಚುತ್ತಿರಲಿಲ್ಲ. ಅದನ್ನು ನೋಡಿದಾಗ ನನಗೆ ಮೊದಲ ಸಲ ಅವನ ಮೇಲೆ, ಮಕ್ಕಳ ಸಿಟ್ಟಲ್ಲ, ದೊಡ್ಡವರ ಸಿಟ್ಟು ಬಂತು. ಬೇಕಾದ್ದು ಸಿಕ್ಕಿತಲ್ಲ ಇವನಿಗೆ ಅನ್ನಿಸಿತು.

ಮೂರು ವಾರ ಕಳೆದ ಮೇಲೆ ಅಜ್ಜಿಗೆ ತಡೆಯಲಿಲ್ಲ, ನನ್ನನ್ನು ಕರೆದಳು.

"ಮಗಾ, ಸಂಜೆ ಹೋಗೂದೇ ಇಲ್ಲ ಈಗ. ಇದಕ್ಕೆ ವೈದ್ಯ ಇಲ್ವಾ ಈ ಊರಲ್ಲಿ?"

ಇದ್ದ. ಸ್ಯಾನ್ ಪಾಬ್ಲೊ ರಸ್ತೆಯಲ್ಲಿ ಶಾಲೆಯ ಬಸ್ಸಿನಿಂದ ನನಗೆ ದಿನಾ ಕಾಣುವ ಒಂದು ಸಣ್ಣ ಅಂಗಡಿ, ಕಿಟಕಿ ತುಂಬ ಹಳೆ ರೇಡಿಯೋ. ಒಂದು ಮಧ್ಯಾಹ್ನ, ಅಪ್ಪ ಲ್ಯಾಬಿನಲ್ಲಿ, ಅಮ್ಮ ಆಫೀಸಿನಲ್ಲಿ, ನಾವಿಬ್ಬರು ಆಂಪ್ಲಿಫೈಯರನ್ನು ಗ್ರೋಸರಿ ತಳ್ಳುಗಾಡಿಯಲ್ಲಿ ಕೂರಿಸಿ ಹೊರಟೆವು. ಅಜ್ಜಿ ಹತ್ತಿಯ ಸೀರೆ, ಅಪ್ಪನ ಹಳೆ ಕೋಟು, ನನ್ನ ಅಮ್ಮನ ಓಟದ ಬೂಟು. ಆಂಪ್ಲಿಫೈಯರಿಗೆ ಚಳಿಯಾಗದ ಹಾಗೆ ಶಾಲು ಹೊದಿಸಿದ್ದಳು. ದಾರಿಯಲ್ಲಿ ಒಬ್ಬಳು ಮಗು ಅಂತ ಬಗ್ಗಿ ನೋಡಿದಳು.

ರಿಪೇರಿಯವನ ಹೆಸರು ಹ್ಯಾಂಕ್. ದಪ್ಪ ಕನ್ನಡಕ, ಅರ್ಧ ಹರಿದ ಏಪ್ರನ್ನು, ಕೈಯಲ್ಲಿ ಚೀನೀ ಹೋಟೆಲಿನ ಒಂದು ಮರದ ಕಡ್ಡಿ. ಒಳಗೆ ಕೈ ಹಾಕುವ ಮೊದಲು ಅವನು ಕಿವಿಗೊಟ್ಟ. ಆನ್ ಮಾಡಿ, ಕುರ್ಚಿಯಲ್ಲಿ ಕೂತು, ಸುಮ್ಮನೆ ಕೇಳಿದ. ಅಷ್ಟು ಹೊತ್ತು ಸುಮ್ಮನಿದ್ದ ಗಂಡಸನ್ನು ನಾನು ಅದುವರೆಗೆ ನೋಡಿರಲಿಲ್ಲ. ಆಮೇಲೆ ವಾಲ್ಯೂಮಿನ ಗುಬುಟನ್ನು ಪೂರ್ತಿ ಇಳಿಸಿದ. ಗುಂಯ್ ನಿಂತಿತು. ಏರಿಸಿದ, ಬಂತು. "ಹಾಗಾದರೆ ಕಳ್ಳ ಈ ಗುಬುಟಿನ ಆಚೆ ಇಲ್ಲ, ಈಚೆ, ಗಿಟಾರು ಸಿಕ್ಕಿಸುವ ಕಡೆ ಇದ್ದಾನೆ," ಅಂದ. ನಾನು ಅಜ್ಜಿಗೆ ಕನ್ನಡ ಮಾಡಿ ಹೇಳಿದೆ. ನಮ್ಮ ಅಪ್ಪ ಕೆಪಾಸಿಟರು ಒಣಗಿದೆ ಅಂತಾರೆ ಅಂತಲೂ ಹ್ಯಾಂಕಿಗೆ ಹೇಳಿದೆ.

"ಕೆಪಾಸಿಟರು ಒಣಗಿದರೆ ಗುಂಯ್ ಬರ್ತದೆ, ಆದರೆ ಇದಕ್ಕಿಂತ ಮೇಲಿನ ಸ್ವರದಲ್ಲಿ. ಸರಿಯಾಗಿ ದುಪ್ಪಟ್ಟು. ಕಿವಿಗೆ ವ್ಯತ್ಯಾಸ ಸಿಗೂದು ಕಷ್ಟ."

ನಾನು ಅದನ್ನೂ ಕನ್ನಡ ಮಾಡಿದೆ. ಅಜ್ಜಿ ಕಣ್ಣು ಮುಚ್ಚಿ ಒಂದು ಗಳಿಗೆ ಕೇಳಿ, ಎದೆಯಿಂದ ಒಂದು ಸಾ ಎಳೆದಳು, ಪೆಟ್ಟಿಗೆಯ ಸದ್ದಿಗೆ ಅಂಟಿಕೊಳ್ಳುವ ಹಾಗೆ. ಆಮೇಲೆ ಮೇಲಿನ ಸಾ ಹಾಡಿ, ಕೈ ಆಡಿಸಿದಳು.

"ಮೇಲಿನದ್ದಲ್ಲ ಅಂತ ಹೇಳು. ಇದು ಕೆಳಗಿನ ಷಡ್ಜ. ಮೊದಲ ದಿನದಿಂದಲೂ ಇದೇ. ನನ್ನನ್ನು ಯಾರು ಕೇಳಿದ್ದಾರೆ?"

ಹ್ಯಾಂಕ್ ಕನ್ನಡಕ ತೆಗೆದು ಅವಳನ್ನು ನೋಡಿದ. ಎದ್ದು, ತಾನು ಕೂತಿದ್ದ ಕುರ್ಚಿಯನ್ನು ಅವಳ ಹಿಂದೆ ತಂದಿಟ್ಟ. ಆಮೇಲೆ ಹಲಗೆ ಬಿಚ್ಚಿ ಮರದ ಕಡ್ಡಿಯಿಂದ ಟ್ಯೂಬುಗಳನ್ನು ಒಂದೊಂದಾಗಿ ತಟ್ಟಿದ. ಮೊದಲನೆಯದನ್ನು ತಟ್ಟಿದಾಗ ಚಟಪಟ ಅಂದಿತು. ಅದನ್ನು ಬಟ್ಟೆಯಲ್ಲಿ ಹಿಡಿದು ಕಿತ್ತ, ಗುಂಯ್ ಮಾಯ. ಗಾಜಿನ ಮೇಲೆ ಸುಟ್ಟು ಕಂದಾದ ಒಂದು ಬೊಟ್ಟು, ಬುಡದ ಕಡ್ಡಿಗಳಲ್ಲಿ ಒಣಗಿದ ಹಳದಿ ಕೆಸರು.

"ಪಕ್ಕದವನು ಟೊಪ್ಪಿ ಹಾಕಿದ್ದಾನೆ. ಇವನದ್ದೆಲ್ಲಿ? ಟೊಪ್ಪಿ ಇಲ್ಲದಿದ್ದರೆ ಇವನು ಗೋಡೆಯ ವೈರು, ದೀಪ, ಎಲ್ಲದರ ಗುಂಯ್ ಕೇಳಿಸಿಕೊಂಡು ಒದರ್ತಾನೆ. ಮೊದಲನೆಯವನಲ್ಲವಾ, ಇವನು ಕೇಳಿದ್ದನ್ನು ಉಳಿದವರೆಲ್ಲ ದೊಡ್ಡದು ಮಾಡ್ತಾರೆ."

ನಾನು ಕನ್ನಡ ಮಾಡಬೇಕಾಗಲಿಲ್ಲ. ಅಜ್ಜಿ ಪಕ್ಕದ ಟ್ಯೂಬಿನ ಮುಚ್ಚಳವನ್ನೇ ನೋಡುತ್ತಿದ್ದಳು, ಕೈ ಬಾಯಿಯ ಮೇಲೆ ಹೋಗಿತ್ತು. ನನಗೆ ತಟ್ಟೆಯಲ್ಲಿ ಬಿದ್ದ ಟಣ್ ಕೇಳಿತು. ಹ್ಯಾಂಕ್ ಬುಡ ಒರೆಸಿ, ಡ್ರಾಯರಿನಿಂದ ಒಂದು ಮುಚ್ಚಳ ತೆಗೆದು ಹಾಕಿ ತೋರಿಸಿದ. ಪೆಟ್ಟಿಗೆ ಆನ್ ಇತ್ತು, ಸದ್ದಿರಲಿಲ್ಲ. ಹೊರಗೆ ಹೋಗುವ ಬಸ್ಸು ಕೇಳಿತು. ಇಟ್ಟುಕೊಳ್ಳಿ ಅಂದ. ಅಜ್ಜಿ ತಲೆಯಾಡಿಸಿದಳು.

"ಬೇಡ ಅಂತ ಹೇಳು. ನಮ್ಮದು ಮನೆಯಲ್ಲಿ ಉಂಟು."

ಮನೆಗೆ ಬಂದವಳೇ ಕಪಾಟಿನಿಂದ ಮುಚ್ಚಳ ತೆಗೆದು, ಬೂದಿ ಕೆರೆದು, ಹುಣಸೆಹಣ್ಣು ಹಾಕಿ ತೊಳೆದು ಒರೆಸಿ, ನನ್ನ ಕೈಯಿಂದಲೇ ಹಾಕಿಸಿದಳು. ಒತ್ತಿ, ತಿರುಗಿಸಿ. ಅಷ್ಟೇ. ನಾನು ಕುಣಿದೆ. ಅಪ್ಪ ಬರಲಿ, ಹೇಳ್ತೇನೆ ಅಂದೆ. ಅಜ್ಜಿ ಕುಚ್ಚಲಕ್ಕಿ ತೊಳೆಯಲಿಕ್ಕೆ ಹೋದಳು.

ಊಟಕ್ಕೆ ಅನ್ನ, ಬಸಳೆ ಹುಳಿ, ಹಪ್ಪಳ. ಅಪ್ಪ ಎರಡನೇ ಸಲ ಬಡಿಸಿಕೊಂಡ ಮೇಲೆ ಅಜ್ಜಿ ಹೇಳಿದಳು, ಉಪ್ಪಿನಕಾಯಿ ಬೇಕಾ ಅಂತ ಕೇಳುವ ಧ್ವನಿಯಲ್ಲಿ:

"ಆ ಪೆಟ್ಟಿಗೆ ಸರಿಯಾಯ್ತು. ಒಂದು ಟ್ಯೂಬಿನ ಮುಚ್ಚಳ ಇರಲಿಲ್ಲ. ನಾನು ತೆಗೆದಿದ್ದೆ, ಊದುಬತ್ತಿಗೆ ಆಗ್ತದೆ ಅಂತ. ನನಗೆಂತ ಗೊತ್ತು?"

ಅಮ್ಮನ ಕೈ ತಟ್ಟೆಯಲ್ಲಿ ನಿಂತಿತು. ನಾನು ಅಪ್ಪನನ್ನು ನೋಡಿದೆ. ಅಪ್ಪ ನನ್ನನ್ನು ನೋಡಿದ. ಅರ್ಧ ಕ್ಷಣ. ಆ ಅರ್ಧ ಕ್ಷಣದಲ್ಲಿ ನಮ್ಮಿಬ್ಬರ ನಡುವೆ ಆ ತಟ್ಟೆ ಇತ್ತು, ಗಂಧ ಇತ್ತು, ಟಣ್ ಇತ್ತು. ಅವನಿಗೆ ನೆನಪಿತ್ತು. ಇದರ ಮೇಲೆ ನಾನು ಇಡೀ ಜೀವಮಾನ ಆಣೆ ಹಾಕಬಲ್ಲೆ. ನೆನಪಿದ್ದೂ ಅವನು ಹುಳಿ ಕಲಸಿ ತುತ್ತು ಮಾಡಿ ಬಾಯಿಗಿಟ್ಟು, ಅಗಿದು, ನುಂಗಿ ಹೇಳಿದ:

"ನಾನು ಹೇಳ್ಲಿಲ್ವಾ? ಈ ಮನೆಯಲ್ಲಿ ಯಾರಾದರೂ ಕೈಯಾಡಿಸದೆ ಒಂದು ಸಾಮಾನು ಉಳಿಯೂದಿಲ್ಲ. ಅಮ್ಮ, ಇನ್ನು ಮುಂದೆ ಗೊತ್ತಿಲ್ಲದ್ದನ್ನು ಮುಟ್ಟಬೇಡ."

"ಆಯ್ತಪ್ಪ," ಅಂದಳು ಅಜ್ಜಿ.

ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ಅಜ್ಜಿಯ ಕೈ ನನ್ನ ಮೊಣಕಾಲನ್ನು ಒತ್ತಿ ಹಿಡಿಯಿತು, ನೋವಾಗುವಷ್ಟು. ಇನ್ನೊಂದು ಕೈಯಿಂದ ನನ್ನ ತಟ್ಟೆಗೆ ಮಜ್ಜಿಗೆ ಸುರಿದಳು. ನಾನು ಬಾಯಿ ಮುಚ್ಚಿದೆ. ಮುಚ್ಚಿದ್ದು ಮುಚ್ಚಿಯೇ ಉಳಿಯಿತು. ಈ ಬರಹದ ಸಿಟ್ಟೆಲ್ಲ ಅಪ್ಪನ ಮೇಲೆ ಅಂತ ಯಾರೂ ತಿಳಿಯಬೇಡಿ. ಆಮೇಲೆ ಪಾತ್ರೆ ತೊಳೆಯುವಾಗ ನಾನು ಅತ್ತುಕೊಂಡು, ಸುಳ್ಳು ಯಾಕೆ ಹೇಳಿದೆ ಅಂತ ಅಜ್ಜಿಯನ್ನು ಕೇಳಿದೆ.

"ಅವನಿಗೆ ತಪ್ಪು ಒಪ್ಪಿ ಅಭ್ಯಾಸ ಇಲ್ಲ ಮಗಾ. ನಾನೇ ಅಭ್ಯಾಸ ಮಾಡಿಸ್ಲಿಲ್ಲ. ನಿನ್ನಮ್ಮ ಬಾರಿಸಬೇಕೋ, ಯಾರು ತೆಗೆದದ್ದು ಅಂತ ಕೋರ್ಟು ನಡೀಬೇಕೋ? ಅವನ ತಪ್ಪು ಅಂತಾದರೆ ನಾಳೆ ಅವನು ಆ ಪೆಟ್ಟಿಗೆಯನ್ನೇ ಮನೆಯಲ್ಲಿಡೂದಿಲ್ಲ."

ಅವಳು ಮಗನನ್ನು ಬಲ್ಲವಳು, ಲೆಕ್ಕ ಸರಿಯೇ ಇತ್ತೇನೋ. ಆದರೆ ಆ ಲೆಕ್ಕ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ತಾಯಿ ತಲೆ ಕೊಟ್ಟಳು, ಮಗ ಅದರ ಮೇಲೆ ಕಾಲಿಟ್ಟು ದಾಟಿದ. ದಾಟಿದ ಮೇಲೆ ತಿರುಗಿ ನೋಡಿ ನಕ್ಕ. ಮೊದಲು ಲ್ಯಾಬಿನಲ್ಲಿ, ಆಮೇಲೆ ಬಳಗದಲ್ಲಿ, ಆಮೇಲೆ ಎಲ್ಲರ ಮನೆಯ ಊಟದಲ್ಲಿ. ಅಜ್ಜಿ ಬದುಕಿದ್ದಾಗ ಅವಳ ಎದುರೇ ಹೇಳುತ್ತಿದ್ದ. ಅವಳೂ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಅವಳು ಹೋದ ಮೇಲೆ ಹನ್ನೆರಡನೇ ದಿನ ಬಂದವರಿಗೂ ಹೇಳಿದ. ಆಗಲೂ ನಾನು ವಡೆ ಬಡಿಸುತ್ತಿದ್ದೆ, ಸುಮ್ಮನೆ.

ಅಮ್ಮ ಬಾರಿಸಿದಳು. ಮರುದಿನವೇ ಬೊಟ್ಟು ಮೇಲೆ ಬಂತು. ಮೊದಲಿಗಿಂತ ಜೋರಾಗಿ ಬಾರಿಸಿದಳು, ಮಲಗುವ ಕೋಣೆಯ ಬಾಗಿಲು ಮುಚ್ಚಿದ್ದರೂ ಒಳಗೆ ಕೇಳುವಷ್ಟು. ಆದರೆ ವೇದಿಕೆ ಮತ್ತೆ ಹತ್ತಲಿಲ್ಲ; ಆಮೇಲಿನ ವರ್ಷಗಳಲ್ಲಿ ಎಷ್ಟೋ ಸಲ ಕರೆದರು, ಹೋಗಲಿಲ್ಲ. ಹಸಿರು ಸೀರೆಯನ್ನು ನನ್ನ ಮದುವೆಗೂ ಉಡಲಿಲ್ಲ. ಮುಂದಿನ ಆಯುಧಪೂಜೆಯ ದಿನ ಅಪ್ಪ ಪಂಚೆ ಸ್ವೆಟರಿನಲ್ಲಿ, ನಾನು ತಟ್ಟೆ ಹಿಡಿದು, ಅದೇ ಮೆರವಣಿಗೆ. ಊಟದ ಮೇಜಿನ ಹತ್ತಿರ ಬಂದಾಗ ಅಮ್ಮ ಪೆಟ್ಟಿಗೆಯ ಎದುರು ನಿಂತಿದ್ದಳು, ಸೌಟು ಕೈಯಲ್ಲಿತ್ತು.

"ಇದಕ್ಕೆ ಬೇಡ."

"ಎಂತ ಬೇಡ? ವರ್ಷಕ್ಕೊಂದು ಸಲ ದೇವರು ಅಂತ—"

"ಅದಕ್ಕೆ ದೇವರು ಬೇಡ. ಮುಚ್ಚಳ ಸಾಕು."

ಅಪ್ಪ ತಟ್ಟೆ ನೋಡಿದ, ಅಮ್ಮನನ್ನು ನೋಡಿದ, ಹೊಲಿಗೆ ಯಂತ್ರದ ಕಡೆ ತಿರುಗಿದ. ಆಗ ನನಗೆ ಗೊತ್ತಾಯಿತು, ಅಮ್ಮನಿಗೆ ಎಲ್ಲ ಗೊತ್ತು ಅಂತ. ಒಳಗೆ ಯಾಕೆ ಕೈ ಹಾಕ್ತೀರಿ ಅಂತ ಕೂಗಿದವಳೇ ಅವಳಲ್ಲವೇ. ಕಪಾಟಿನಲ್ಲಿ ಅಜ್ಜಿ ಊದುಬತ್ತಿಯನ್ನು ಬಾಳೆಹಣ್ಣಿಗೆ ಚುಚ್ಚಿದ್ದಳು. ನಾಲ್ಕು ಜನರ ಮನೆಯಲ್ಲಿ ನಾಲ್ಕು ಜನರಿಗೂ ಗೊತ್ತಿದ್ದ ಒಂದು ವಿಷಯವನ್ನು ನಾವು ಅಷ್ಟು ವರ್ಷ ಹೀಗೆ ಸಾಕಿದೆವು.

ಈಗ ಕ್ಯುಪರ್ಟಿನೋದ ಆ ಊಟದ ಮೇಜಿಗೆ ಬರುತ್ತೇನೆ. ಎಲ್ಲ ನಕ್ಕರು ಅಂದೆ, ನಾನು ತುತ್ತು ಇಳಿಸಿದೆ ಅಂದೆ. ಅಪ್ಪ ನಗುವಿನ ಎರಡನೇ ಸುತ್ತಿಗೆ ಕಾಯುತ್ತಿದ್ದ. ನನ್ನ ಮೊಣಕಾಲಿನ ಮೇಲೆ ಯಾರ ಕೈಯೂ ಇರಲಿಲ್ಲ.

"ಅಪ್ಪ. ಆ ಮುಚ್ಚಳ ತೆಗೆದದ್ದು ನೀನು. ಕುಂಕುಮ ಹಚ್ಚಲಿಕ್ಕೆ. ತಟ್ಟೆ ಹಿಡಿದುಕೊಂಡು ನಿಂತದ್ದು ನಾನು."

ಮನೆಯಾಕೆಯ ಸೌಟು ಪಾತ್ರೆಯೊಳಗೆ ನಿಂತಿತು. ಹುಡುಗ ಫೋನು ಕೆಳಗಿಟ್ಟ. ಅಪ್ಪ ಕೈಯನ್ನು ಕಿವಿಯ ಹಿಂದೆ ಇಟ್ಟು, ನನ್ನ ಕಡೆ ವಾಲಿ, ಮುಖದಲ್ಲಿ ಇನ್ನೂ ಅದೇ ನಗು ಇಟ್ಟುಕೊಂಡು "ಎಂತ?" ಅಂದ. ಅವನಿಗೆ ನಿಜವಾಗಿಯೂ ಕೇಳಲಿಲ್ಲವೋ ಏನೋ, ಇದ್ದರೂ ಇರಬಹುದು. ನಾನು ಮತ್ತೆ ತಟ್ಟೆ ನೋಡಿದೆ. ಒಂದು ಸಲ ಹೇಳಿದ್ದೇ ಸಾಕು ಅನ್ನಿಸುವ ಹಳೆ ಅಭ್ಯಾಸ ಮತ್ತೆ ಬಂದು ಕೂತಿತ್ತು.

ಪಕ್ಕದಲ್ಲಿ ಅಮ್ಮ ಮುದ್ದೆ ಮುರಿಯುತ್ತಾ, ತಲೆ ಎತ್ತದೆ ಹೇಳಿದಳು:

"ಇನ್ನೊಂದು ಸಲ ಹೇಳು. ಸ್ವಲ್ಪ ಜೋರಾಗಿ. ಅವರಿಗೆ ಕಿವಿ ಕೇಳೂದಿಲ್ಲ."

ನಾನು ಜೋರಾಗಿ ಹೇಳಿದೆ.